ಜೀಪಿನ ಡ್ಯಾಶಿನ ಹಿಂದೆ ಕಟ್ಟಿದ ಗಂಟು

ಗಾಡಿಗಳಿಗೆ ಸ್ಟೀರಿಯೊ ಹಾಕುವ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ, ಕತ್ತು ಮೇಲಕ್ಕೆತ್ತಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕೆಲಸ ಮಾಡಿದವನ ಕತ್ತಿನ ಮೂಳೆ ಸವೆಯದೆ ಇನ್ನೇನಾಗುತ್ತದೆ ಎಂದು ಡಾಕ್ಟರು ನನ್ನನ್ನೇ ಕೇಳಿದರು. ಈಗ ಈ ಕಸುಬಿಗೆ ಇಳಿಯುವ ಹುಡುಗರು ಸಂಜೆ ಹೊತ್ತು ಟೀ ಅಂಗಡಿಯಲ್ಲಿ ಸಿಕ್ಕರೆ, "ಅಂಕಲ್, ನಿಮ್ ಕಾಲ್ದಲ್ಲಿ ಹೆಂಗಿತ್ತು, ಸ್ವಲ್ಪ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಕೇಳಲು ಖುಷಿಯಾಗುವ ಹಳೇ ಕಥೆ. ನನ್ನ ಹತ್ತಿರ ಅಂಥದ್ದು ಕಡಿಮೆ. ಇರುವುದನ್ನು ಇರುವ ಹಾಗೆ ಬರೆಯುತ್ತೇನೆ, ಬೇಕಾದವರು ಓದಿಕೊಳ್ಳಲಿ.

ನಾನು ಕೆಲಸ ಕಲಿತದ್ದು ರಾಜಾಜಿನಗರದ ಒಂದು ಅಂಗಡಿಯಲ್ಲಿ. ಎಂಬತ್ತರ ದಶಕ ಅರ್ಧ ದಾಟಿತ್ತು. ಮನೆಗೆ ಟಿ.ವಿ. ಬಂದವರೆಲ್ಲ ಇನ್ನು ಗಾಡಿಗೂ ಏನಾದರೂ ಬೇಕು ಎನ್ನುವ ಕಾಲ. ಅಂಗಡಿಯ ಓನರು ಸಂಪತ್ತು. ನಾವು ಸಂಪತ್ತಣ್ಣ ಎನ್ನುತ್ತಿದ್ದೆವು. ಮಾತಿನಲ್ಲಿ ಗಟ್ಟಿಗ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಮಾತ್ರ ಹಿಡಿ ಯಾವುದು, ತುದಿ ಯಾವುದು ಎಂದು ಯೋಚಿಸುವವನು. ಗಿರಾಕಿ ಬಂದರೆ ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಮನೆಮಂದಿಯ ಯೋಗಕ್ಷೇಮವನ್ನೆಲ್ಲ ವಿಚಾರಿಸುತ್ತಿದ್ದ. "ಗಾಡಿ ಎಲ್ ನಿಲ್ಲಿಸ್ತೀರಾ ಸಾರ್? ಶೆಡ್ ಇದ್ಯಾ, ರೋಡಲ್ಲೇನಾ? ಹುಷಾರು ಸಾರ್, ಕಾಲ ಕೆಟ್ಟೋಗಿದೆ" ಎನ್ನುತ್ತಿದ್ದ. ಎಷ್ಟು ಕಾಳಜಿ ನಮ್ಮ ಅಣ್ಣನಿಗೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಅವನ ಕೆಳಗೆ ಕೆಲಸ ಮಾಡುವುದು ಎಂದರೆ ಏನು ಎಂಬುದಕ್ಕೆ ಒಂದು ಉದಾಹರಣೆ ಸಾಕು. ವಿಜಯನಗರದ ಯಜಮಾನರೊಬ್ಬರು, ಮಿಲಿಟರಿಯವರು ಹರಾಜು ಹಾಕಿದ ಜೀಪೊಂದನ್ನು ಕೊಂಡು ತಂದಿದ್ದರು. ಅಂಥ ಗಾಡಿಗಳಲ್ಲಿ ಎರಡು ಬ್ಯಾಟರಿ ಇರುತ್ತವೆ, ಕರೆಂಟು ಇಪ್ಪತ್ತನಾಲ್ಕು ವೋಲ್ಟ್. ನಮ್ಮ ಸ್ಟೀರಿಯೊ ಸೆಟ್ಟುಗಳೆಲ್ಲ ಹನ್ನೆರಡರವು. ನಾನು ಮೀಟರ್ ಇಟ್ಟು ನೋಡೋಣ ಎಂದೆ. "ಜೀಪು ಅಂದ್ರೆ ಜೀಪು ಕಣೋ, ಹನ್ನೆರಡೇ ಇರತ್ತೆ. ಪಂಡಿತನ ಥರ ಆಡ್ಬೇಡ, ಹಾಕು" ಎಂದ. ಆ ಯಜಮಾನರೂ ಮದುವೆಗೆ ಹೋಗಬೇಕು ಎಂದು ಅವಸರ ಮಾಡುತ್ತಿದ್ದರು. ಸಂಪತ್ತು ತಾನೇ ಕೈ ಚಾಚಿ ಸ್ವಿಚ್ ತಿರುಗಿಸಿದ. ದೇವರ ಹಾಡಿನ ಕ್ಯಾಸೆಟ್ಟು ಒಂದು ಸಾಲು ಕೂಡ ಮುಗಿಸಲಿಲ್ಲ, ಡ್ಯಾಶಿನಿಂದ ಹೊಗೆ ಬಂತು. ಹೊಸ ಸೆಟ್ಟಿಗೆ ಮೊದಲು ದೇವರ ಹಾಡು ಹಾಕಬೇಕೆಂಬುದು ಆಗಿನ ಪದ್ಧತಿ, ಹಾಗಾಗಿ ಯಜಮಾನರ ಹೆಂಡತಿ ಅಪಶಕುನ ಎಂದು ಅಲ್ಲೇ ಅತ್ತುಬಿಟ್ಟರು. ಸಂಪತ್ತು ನನ್ನ ಕಡೆ ತಿರುಗಿ, "ಎಷ್ಟ್ ಸಲ ಹೇಳಿದೀನಿ ನಿಂಗೆ, ಮೀಟರ್ ಇಟ್ ನೋಡೋ ಅಂತ?" ಎಂದು ಬೈದ. ಆ ತಾಯಿಯ ಕಾಲಿಗೆ ನನ್ನಿಂದಲೇ ನಮಸ್ಕಾರ ಮಾಡಿಸಿದ. ಅವತ್ತು ಬಾಯಿ ಬಿಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಬಾಯಿ ಬಿಟ್ಟ ದಿನ ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನಲ್ಲ.

ಜೀಪಿನ ಕೆಲಸ ಕಾರಿನ ಕೆಲಸದ ಹಾಗಲ್ಲ. ಕಾರು ರಸ್ತೆ ಮೇಲೆ ಹೋಗುತ್ತದೆ, ಜೀಪು ಹೊಲ, ಹಳ್ಳ, ಕಲ್ಲುಕ್ವಾರಿ ಎಲ್ಲ ಕಡೆ ಕುಣಿಯುತ್ತದೆ. ಎಂಜಿನಿನ ಕಾವು ನೇರ ಡ್ಯಾಶಿಗೆ ಬಡಿಯುತ್ತದೆ. ವೈರುಗಳ ಜಾಯಿಂಟಿಗೆ ಸುತ್ತಿದ ಟೇಪಿನ ಗೋಂದು ಕರಗಿ, ಟೇಪು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡು ಜೋತುಬೀಳುತ್ತದೆ. ಆಮೇಲೆ ಬರೀ ವೈರು ತಗಡಿಗೆ ಉಜ್ಜಿ ಶಾರ್ಟ್ ಆಗುತ್ತದೆ. ನಾವು ಹಾಕಿಕೊಟ್ಟ ಜೀಪುಗಳೆಲ್ಲ ತಿರುಗಿ ನಮ್ಮ ಅಂಗಡಿ ಮುಂದೆಯೇ ಬಂದು ನಿಲ್ಲುತ್ತಿದ್ದವು, ಬೈಗುಳ ಸಮೇತ.

ನಮ್ಮಮ್ಮ ಅತ್ತಿಗುಪ್ಪೆಯಲ್ಲಿ ಹೂ ಮಾರುತ್ತಿದ್ದಳು. ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಿಡಿ ಹೂ ತಂದು, ವಠಾರದ ಜಗುಲಿ ಮೇಲೆ ಕೂತು ಕಟ್ಟಿ, ದೇವಸ್ಥಾನದ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಮಾತಾಡುತ್ತ, ಬೈಯುತ್ತ, ಅನ್ನಕ್ಕೆ ಉರಿ ನೋಡುತ್ತ ಅವಳ ಬೆರಳು ಮಾತ್ರ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ತೊಟ್ಟುಗಳ ಮೇಲೆ ದಾರ ಒಂದು ಸುತ್ತು, ಬೆರಳಿನಲ್ಲಿ ಒಂದು ಕುಣಿಕೆ, ಅದನ್ನು ತೊಟ್ಟಿಗೆ ಹಾಕಿ ಒಂದು ಎಳೆತ. ಕಟ್ಟಿದ ಮಾಲೆಯನ್ನು ಹಿಡಿದು ಒದರಿದರೂ ಒಂದು ಹೂ ಉದುರುತ್ತಿರಲಿಲ್ಲ. ಚಿಕ್ಕಂದಿನಿಂದ ಅವಳ ಜೊತೆ ಕೂತು ನಾನೂ ಕಟ್ಟಿದ್ದೆ. ಒಂದು ದಿನ ಜೀಪೊಂದರ ವೈರುಗಳನ್ನು ಮೂರನೇ ಸಲ ಸರಿಮಾಡುವಾಗ, ಇದನ್ನೂ ಹೂವಿನ ಹಾಗೆ ಕಟ್ಟಿದರೇನು ಎನ್ನಿಸಿತು. ಅಮ್ಮನ ಹತ್ತಿರ ದಾರ ಕೇಳಿ ತಂದೆ. ದಾರಕ್ಕೆ ಮೇಣದಬತ್ತಿ ತಿಕ್ಕಿ, ಜಾಯಿಂಟಿನ ಮೇಲೆ ಟೇಪು ಸುತ್ತಿ, ಅದರ ಮೇಲೆ ವೈರುಗಳನ್ನೆಲ್ಲ ಸೇರಿಸಿ ಉದ್ದಕ್ಕೂ ಗಂಟು ಹಾಕಿಕೊಂಡು ಹೋದೆ. ಆ ಜೀಪು ತಿರುಗಿ ಬರಲಿಲ್ಲ.

ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. "ನಮ್ ಶಿವು ಕಾರಿಗೆ ಹೂ ಕಟ್ತಾನೆ ಕಣ್ರೇ" ಎಂದು ವಠಾರದ ನಲ್ಲಿ ಹತ್ತಿರವೆಲ್ಲ ಹೇಳಿಕೊಂಡು ಬಂದಳು.

ಇನ್ನು ಬೋರೇಗೌಡರ ವಿಷಯಕ್ಕೆ ಬರುತ್ತೇನೆ. ಹೇರೋಹಳ್ಳಿಯವರು, ಜಮೀನಿತ್ತು, ಇಟ್ಟಿಗೆ ಗೂಡಿತ್ತು. ಯಾವುದೋ ವಿದೇಶದವರ ಯೋಜನೆ ಮುಗಿದ ಮೇಲೆ ಹರಾಜಿಗೆ ಬಂದ ಜಪಾನಿನ ಗಾಡಿಯೊಂದನ್ನು ಅವರು ಹಿಡಿದಿದ್ದರು. ನಾಲ್ಕೂ ಚಕ್ರಕ್ಕೆ ಗೇರು, ಆನೆಯಂಥ ಗಾಡಿ. ಅದರಲ್ಲಿ ಕಂಪನಿಯಿಂದಲೇ ಬಂದ ಸ್ಟೀರಿಯೊ ಇತ್ತು. ಇಟ್ಟಿಗೆ ಗೂಡಿನ ಧೂಳು ಕುಡಿದು ಕುಡಿದು ಅದು ಕ್ಯಾಸೆಟ್ಟನ್ನು ನುಂಗುವುದಷ್ಟೇ ಮಾಡುತ್ತಿತ್ತು, ಉಗುಳುತ್ತಿರಲಿಲ್ಲ. ಬದಲಾಯಿಸಿ ಹೊಸದು ಹಾಕು ಎಂದರು.

ಆ ಗಾಡಿಯ ಡ್ಯಾಶು ದಪ್ಪ ಕಬ್ಬಿಣದ ತಗಡು. ಹಳೇ ಸೆಟ್ಟಿನ ಕಿಂಡಿ ಚಿಕ್ಕದು, ಹೊಸ ಸೆಟ್ಟು ದೊಡ್ಡದು. ಅಂಥ ಕಡೆ ಎಲ್ಲರೂ ಹ್ಯಾಕ್ಸಾ ಬ್ಲೇಡು ಹಾಕಿ ಕುಯ್ದುಬಿಡುತ್ತಿದ್ದರು. ಒಂದು ಸಲ ಕುಯ್ದರೆ ಕುಯ್ದ ಹಾಗೆಯೇ, ಜೀವಮಾನವಿಡೀ ಆ ಗಾಡಿ ಬಾಯಿ ಹರಿದುಕೊಂಡಿರುತ್ತದೆ. ನನಗೆ ಮನಸ್ಸು ಬರಲಿಲ್ಲ. ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಅಂಚು ದೊಡ್ಡದು ಮಾಡಿದೆ. ಸೆಟ್ಟಿನ ಹಿಂಭಾಗಕ್ಕೆ ತಗಡಿನ ಪಟ್ಟಿ ಬಗ್ಗಿಸಿ ಆಸರೆ ಕೊಟ್ಟೆ. ಗೌಡರು ಕೀ ನನ್ನ ಕೈಗೆ ಕೊಟ್ಟು ಹೋಟೆಲಿಗೆ ಹೋದವರು ತಿರುಗಿ ಬಂದು, ಬಗ್ಗಿ, ಡ್ಯಾಶಿನ ಕೆಳಗೆ ಇಣುಕಿದರು.

"ಏನಯ್ಯ ಇದು, ಮದ್ವೆ ಹೆಣ್ಣಿನ ಜಡೆ ಕಟ್ದಂಗೆ ಕಟ್ಟಿದೀಯಲ್ಲ!"

"ಅಮ್ಮ ಹೂ ಕಟ್ತಾರೆ ಗೌಡ್ರೇ. ಅದೇ ಗಂಟು."

"ಭಲೇ. ಕಾಣ್ದೇ ಇರೋ ಜಾಗಕ್ಕೂ ಇಷ್ಟು ನಿಗಾ ಮಾಡ್ತೀಯಲ್ಲಯ್ಯ" ಎಂದು ಬೆನ್ನು ತಟ್ಟಿದರು. ಆಮೇಲೆ ಅವರ ಅಣ್ಣತಮ್ಮಂದಿರು, ಬೀಗರು, ಗೆಳೆಯರು ಎಲ್ಲರನ್ನೂ ಕಳಿಸಿದರು. ಬಂದವರು ಸಂಪತ್ತಿನ ಹೆಸರು ಹೇಳುತ್ತಿರಲಿಲ್ಲ, "ಹೂಗಂಟು ಹಾಕ್ತಾನಲ್ಲ, ಆ ಹುಡ್ಗ ಎಲ್ಲಿ?" ಎಂದು ಕೇಳುತ್ತಿದ್ದರು. ಎಷ್ಟೋ ಜನ ಗಾಡಿ ಬಿಟ್ಟು, ಕೀ ಕೊಟ್ಟು, ಸಂಜೆ ಬರ್ತೀವಿ ಎಂದು ಹೋಗಿಬಿಡುತ್ತಿದ್ದರು. ನನ್ನ ಇಡೀ ಕೆಲಸದ ಬದುಕಿನಲ್ಲಿ ನಾನು ತಲೆಯೆತ್ತಿ ನಡೆದ ಕಾಲ ಯಾವುದು ಎಂದರೆ ಅದೊಂದೇ. ಸಂಪತ್ತಿಗೆ ಅದು ಹಿಡಿಸಲಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಒಳಗೊಳಗೇ ಖುಷಿಪಡುತ್ತಿದ್ದೆ.

ಆ ಹೊತ್ತಿಗೆ ಗಾಡಿಗಳಿಂದ ಸ್ಟೀರಿಯೊ ಕದಿಯುವುದು ಶುರುವಾಗಿತ್ತು. ಗ್ಲಾಸು ಒಡೆದು, ವೈರು ಕತ್ತರಿಸಿ, ಸೆಟ್ಟು ಎತ್ತಿಕೊಂಡು ಹೋಗುತ್ತಿದ್ದರು. ಬೋರೇಗೌಡರ ಗಾಡಿಯದೂ ಹೋಯಿತು. ಮನೆ ಮುಂದೆ ಶೆಡ್ ಕಟ್ಟಿಸುತ್ತಿದ್ದರು, ಅದು ಮುಗಿಯುವುದರೊಳಗೆ ಕಳ್ಳ ಬಂದಿದ್ದ. ಅವರು ಬಂದು ಇನ್ನೊಂದು ಹೊಸದು ಹಾಕಿಸಿಕೊಂಡು ಹೋದರು. ಸಂಪತ್ತು ಅಯ್ಯೋ ಪಾಪ ಎಂದ, ಕಾಫಿ ಕುಡಿಸಿದ.

ಅದಾಗಿ ಸ್ವಲ್ಪ ದಿನಕ್ಕೆ ಬಸವೇಶ್ವರನಗರದ ಒಂದು ಅಂಬಾಸಿಡರ್ ಕಾರಿಗೆ ಹಾಕು ಎಂದು ಸಂಪತ್ತು ನನ್ನ ಕೈಗೆ ಒಂದು ಸೆಕೆಂಡ್‌ಹ್ಯಾಂಡ್ ಸೆಟ್ಟು ಕೊಟ್ಟ. ಹಿಂದೆ ತಿರುಗಿಸಿದೆ. ಕತ್ತರಿಸಿದ ವೈರುಗಳ ಗೇಣುದ್ದದ ತುಂಡು ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆ ಸಾಲಾಗಿ ನನ್ನ ಗಂಟುಗಳು. ಪಕ್ಕದಲ್ಲಿ ನಾನೇ ಬಗ್ಗಿಸಿದ ತಗಡಿನ ಪಟ್ಟಿ.

"ಅಣ್ಣ, ಇದು ಗೌಡ್ರ ಗಾಡೀದು."

"ಯಾವ್ ಗೌಡ್ರದ್ದಾದ್ರೆ ನಿಂಗೇನೋ? ಯಾರೋ ತಂದ್ ಮಾರಿದ್ರು, ತಗೊಂಡೆ. ನಿಂಗೆ ಹೇಳಿದ ಕೆಲ್ಸ ಏನು, ಅದ್ ಮಾಡು."

ಗಾಡಿ ಎಲ್ಲಿ ನಿಲ್ಲಿಸುತ್ತೀರಾ, ಶೆಡ್ ಇದೆಯಾ ಎಂದು ಅವನು ಪ್ರತಿಯೊಬ್ಬ ಗಿರಾಕಿಯನ್ನೂ ಯಾಕೆ ಕೇಳುತ್ತಿದ್ದ ಎಂದು ನನಗೆ ಆ ಕ್ಷಣ ಹೊಳೆಯಿತು. ಸೆಟ್ಟನ್ನು ಮೇಜಿನ ಮೇಲಿಟ್ಟೆ. ಹೊಟ್ಟೆನೋವು ಎಂದು ಹೇಳಿ ಹೊರಟು ಸೀದಾ ಹೇರೋಹಳ್ಳಿಗೆ ನಡೆದೆ. ಆಗಿನ ಹೇರೋಹಳ್ಳಿ ರಸ್ತೆಯೆಂದರೆ ಬರೀ ಹಳ್ಳ, ಕೆಮ್ಮಣ್ಣು. ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ, ನನ್ನ ಮೇಲಿನ ನಂಬಿಕೆಯಿಂದ ಕೀ ಕೊಟ್ಟು ಹೋಗುವ ಅಷ್ಟೂ ಜನರ ಮನೆಗೆ ನಾನೇ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಹೆಸರು ಹೋದರೆ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ಹೆಸರು ಉಳಿಯುತ್ತದೆ ಎಂದು ನಂಬಿದ್ದೆನಲ್ಲ, ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಗೌಡರು ಎಲ್ಲ ಕೇಳಿಸಿಕೊಂಡರು. "ನನ್ ಹೆಸ್ರು ಮಾತ್ರ ಎತ್ತಬೇಡಿ ಗೌಡ್ರೇ" ಎಂದೆ. "ನಿನ್ ಹೆಸ್ರು ಯಾಕಯ್ಯ ಎತ್ಲಿ, ನೀನು ನಮ್ಮೋನು" ಎಂದರು. ಮಾರನೇ ದಿನ ಪೊಲೀಸರನ್ನು ಕರೆದುಕೊಂಡು ಅಂಗಡಿಗೆ ಬಂದವರು, ಎಲ್ಲರೆದುರು ನನ್ನ ಕಡೆ ಕೈ ತೋರಿಸಿ, "ಇವನೇ ಸಾರ್ ಗುರುತು ಹಿಡಿದಿದ್ದು" ಎಂದುಬಿಟ್ಟರು. ಅವರು ಅದನ್ನು ಹೊಗಳಿಕೆಯೆಂದೇ ಅಂದಿರಬೇಕು.

ಸಂಪತ್ತು ಒಂದು ಚೂರೂ ಬೆದರಲಿಲ್ಲ. ಸಬ್ ಇನ್ಸ್‌ಪೆಕ್ಟರಿಗೆ ಕುರ್ಚಿ ಹಾಕಿ, ಸೆಟ್ಟನ್ನು ತಿರುಗಿಸಿ ತೋರಿಸಿದ.

"ನೋಡಿ ಸಾರ್ ಈ ಗಂಟು. ಇಡೀ ಬೆಂಗ್ಳೂರಲ್ಲಿ ಇದನ್ನ ಹಾಕೋನು ಇವನೊಬ್ನೇ. ಹಾಕಿದ್ದೂ ಇವನೇ. ಬಿಚ್ಚೋಕೆ ಗೊತ್ತಿರೋದೂ ಇವನಿಗೇ. ಇದನ್ನ ನಂಗೆ ಸೆಕೆಂಡ್ಸ್ ಅಂತ ತಂದ್ಕೊಟ್ಟಿದ್ದೂ ಇವನೇ ಸಾರ್. ಮೊನ್ನೆ ಸಂಬಳದ ವಿಷ್ಯಕ್ಕೆ ಬೈದೆ, ಆ ಸಿಟ್ಟಿಗೆ ಹೋಗಿ ಗೌಡ್ರ ಹತ್ರ ಒಳ್ಳೆಯೋನಾಗಿದಾನೆ."

ಇಷ್ಟು ಸಲೀಸಾಗಿ ಸುಳ್ಳು ಹೇಳುವವನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಾನು ಏನು ಹೇಳಿದರೂ ತೊದಲಿದ ಹಾಗಿತ್ತು. ಸಬ್ ಇನ್ಸ್‌ಪೆಕ್ಟರು ಬಂದಿದ್ದ ಜೀಪಿನ ಸ್ಟೀರಿಯೊ ಕೂಡ ನಮ್ಮ ಅಂಗಡಿಯದೇ, ನಾನೇ ಹಾಕಿದ್ದೆ. ಅದೇ ಜೀಪಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದರು. ಸ್ಪೀಕರ್ ನನ್ನ ತಲೆಯ ಪಕ್ಕದಲ್ಲೇ ಇತ್ತು.

ಸ್ಟೇಷನ್ನಿನಲ್ಲಿ ಹೊಡೆಯಲಿಲ್ಲ, ಅಷ್ಟು ಹೇಳಬೇಕು. ಗೋಡೆ ಪಕ್ಕ ನಿಲ್ಲಿಸಿದ್ದರು. ಸೆಟ್ಟು ಮೇಜಿನ ಮೇಲಿತ್ತು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಬಂದಳು. ಯಾರು ಹೇಳಿದರೋ, ವ್ಯಾಪಾರ ಬಿಟ್ಟು, ಹೂವಿನ ಬುಟ್ಟಿ ಸೊಂಟದ ಮೇಲಿಟ್ಟುಕೊಂಡೇ ಬಂದಿದ್ದಳು. ಒಳಗೆ ಬಂದವಳೇ ಕೈಮುಗಿದಳು.

ಸಬ್ ಇನ್ಸ್‌ಪೆಕ್ಟರು ಸೆಟ್ಟನ್ನು ಅವಳ ಕಡೆ ತಳ್ಳಿ, "ಏನಮ್ಮಾ, ಈ ಗಂಟು ಯಾರು ಹಾಕಿದ್ದು ಅಂತ ಗೊತ್ತಾ?" ಎಂದರು.

ಅಮ್ಮ ಬಗ್ಗಿ ನೋಡಿದಳು. ಅವಳ ಮುಖ ಅರಳಿತು. ನಾನು ಬೇಡ ಎಂದು ಕಣ್ಣಿನಲ್ಲೇ ಹೇಳಿದ್ದು ಅವಳಿಗೆ ಕಾಣಿಸಲಿಲ್ಲ. "ನಮ್ ಶಿವೂದೇ ಸ್ವಾಮಿ. ನಾನೇ ಕಲ್ಸಿದ್ದು."

"ಹೌದಾ? ಹಂಗಾದ್ರೆ ಕಟ್ಟಿ ತೋರ್ಸು, ನೋಡೋಣ."

ಪೇದೆ ಒಂದಷ್ಟು ವೈರಿನ ತುಂಡು ತಂದುಕೊಟ್ಟ. ಅಮ್ಮ ನೆಲದ ಮೇಲೆ ಕಾಲು ಮಡಚಿ ಕೂತಳು. ಬುಟ್ಟಿಯಿಂದ ದಾರ ತೆಗೆದಳು. ದೇವರ ಮಾಲೆಗೂ ಅಷ್ಟು ಶ್ರದ್ಧೆಯಿಂದ ಅವಳು ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಒಂದೊಂದು ಗಂಟನ್ನೂ ಉಗುರಿನಿಂದ ಒತ್ತಿ ಒಂದೇ ಸಾಲಿಗೆ ತಂದಳು. ಕಟ್ಟಿದ್ದನ್ನು ಎತ್ತಿ ಮೇಜಿನ ಮೇಲೆ ಸೆಟ್ಟಿನ ಪಕ್ಕಕ್ಕಿಟ್ಟಳು. ಪೇದೆ ಎರಡನ್ನೂ ಹಿಡಿದು ನೋಡಿ, "ಸೇಮ್ ಟು ಸೇಮ್ ಸಾರ್" ಎಂದ.

"ನೋಡಿದ್ರಾ ಸ್ವಾಮಿ! ಇಷ್ಟು ಅಚ್ಚುಕಟ್ಟಾಗಿ ಕೆಲ್ಸ ಮಾಡೋನು ಕಳ್ತನ ಮಾಡ್ತಾನಾ?" ಎಂದಳು ಅಮ್ಮ.

ಸಬ್ ಇನ್ಸ್‌ಪೆಕ್ಟರು ನಕ್ಕರು. ಪೇದೆಯೂ ನಕ್ಕ. ಗಂಟು ನನ್ನದು ಎಂದು ನಾನು ಬೆಳಿಗ್ಗೆಯೇ ಒಪ್ಪಿಕೊಂಡಿದ್ದೆ. ಕಟ್ಟಿದವನು ಯಾರು ಎಂಬುದು ಪ್ರಶ್ನೆಯೇ ಆಗಿರಲಿಲ್ಲ, ಕತ್ತರಿಸಿದವನು ಯಾರು ಎಂಬುದು ಪ್ರಶ್ನೆ. ಆದರೆ ಆ ಮೇಜಿನ ಮುಂದೆ ಎರಡನ್ನೂ ಬೇರೆ ಮಾಡಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ನಮ್ಮಮ್ಮನ ಕೈಯಿಂದಲೇ ನನ್ನ ಮೇಲಿನ ಸಾಕ್ಷಿ ಕಟ್ಟಿಸಿಕೊಂಡರು. ಅವಳಿಗೆ ಅದು ತಿಳಿಯಲಿಲ್ಲ. ಮಗನ ಪರವಾಗಿ ಹೇಳಿದೆ ಎಂಬ ಧೈರ್ಯದಿಂದ ಬೆಂಚಿನ ಮೇಲೆ ಕೂತು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

ಸಂಜೆಗೆ ಗೌಡರು ಬಂದರು. ಸಬ್ ಇನ್ಸ್‌ಪೆಕ್ಟರ ಕಿವಿಯ ಹತ್ತಿರ ಬಗ್ಗಿ ಮಾತಾಡಿದರೂ ನನಗೆ ಕೇಳಿಸಿತು. "ನನ್ ಸೆಟ್ಟು ಸಿಕ್ತಲ್ಲ, ಕೇಸು ಗೀಸು ಬೇಡ ಬಿಡಿ ಸಾರ್. ಬಡವರ ಮಕ್ಳು, ಏನೋ ಆಸೆ ಬಿದ್ದಿರ್ತವೆ."

ಹೀಗೆ ನನ್ನನ್ನು ಬಿಟ್ಟರು. ತಪ್ಪಿಲ್ಲ ಎಂದು ಬಿಡಲಿಲ್ಲ, ಹೋಗಲಿ ಪಾಪ ಎಂದು ಬಿಟ್ಟರು. ಆ ಎರಡರ ನಡುವೆ ಎಷ್ಟು ದೂರವಿದೆ ಎಂದು ಅನುಭವಿಸಿದವನಿಗೇ ಗೊತ್ತು. ಮಾಡದ ತಪ್ಪಿಗೆ ಶಿಕ್ಷೆಯಾದರೆ ಜಗಳವಾಡಬಹುದು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕರೆ ಯಾರ ಹತ್ತಿರ ಹೋಗಿ ಜಗಳವಾಡುವುದು? ಬಡವರ ಮಕ್ಕಳು ಎಂಬ ಮಾತು ನೆನಪಾದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಸಂಪತ್ತು ನನ್ನನ್ನು ಅಂಗಡಿ ಮೆಟ್ಟಿಲು ಹತ್ತಲು ಬಿಡಲಿಲ್ಲ. "ನಿನ್ನಂಥೋನ್ನ ಇಟ್ಕೊಂಡ್ರೆ ಅಂಗ್ಡಿ ಹೆಸ್ರು ಹಾಳಾಗತ್ತೆ ಮಗಾ" ಎಂದ, ಬೇಸರದ ದನಿಯಲ್ಲಿ, ಗಿರಾಕಿಗಳಿಗೆ ಕೇಳಿಸುವ ಹಾಗೆ. ಅವನಿಗೆ ಏನೂ ಆಗಲಿಲ್ಲ. ಅಂಗಡಿ ಬೆಳೆಯಿತು, ಎರಡಾಯಿತು. ರಾಜಾಜಿನಗರದಲ್ಲಿ, ವಿಜಯನಗರದಲ್ಲಿ ಯಾವ ಅಂಗಡಿಗೆ ಹೋದರೂ ನನ್ನ ಗಂಟಿನ ಸುದ್ದಿ ನನಗಿಂತ ಮೊದಲೇ ತಲುಪಿರುತ್ತಿತ್ತು. ಕೊನೆಗೆ ಕೆಂಗೇರಿ ಉಪನಗರದ ಹತ್ತಿರ ಮೈಸೂರು ರಸ್ತೆಯ ಪಕ್ಕ ಶೆಡ್ ಹಾಕಿಕೊಂಡಿದ್ದ ಒಬ್ಬ ಮೆಕ್ಯಾನಿಕ್ಕು ಒಂದು ಮೂಲೆ ಬಿಟ್ಟುಕೊಟ್ಟ. ಅವನಿಗೆ ನನ್ನ ಕಥೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ. ಅದೊಂದು ಉಪಕಾರವನ್ನು ನಾನು ಮರೆತಿಲ್ಲ.

ಅಮ್ಮ ಮಾತ್ರ ಬೇರೆಯೇ ಕಥೆ ಕಟ್ಟಿಕೊಂಡಿದ್ದಳು. ತಾನು ಕಟ್ಟಿ ತೋರಿಸಿದ್ದಕ್ಕೇ ಪೊಲೀಸರಿಗೆ ನಿಜ ಗೊತ್ತಾಗಿ ಮಗನನ್ನು ಬಿಟ್ಟರು ಎಂದು ವಠಾರಕ್ಕೆಲ್ಲ ಹೇಳಿದಳು. "ಸಾಯೇಬ್ರು ನಗ್ತಾ ಕಳ್ಸಿದ್ರು ಕಣ್ರೇ" ಎನ್ನುತ್ತಿದ್ದಳು. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೌದು ಹೌದು ಎನ್ನುತ್ತಿದ್ದರು. ನಾನು ಅವಳನ್ನು ತಿದ್ದಲಿಲ್ಲ. ಹೇಗೆ ತಿದ್ದಲಿ?

ಈಗ ನೀವೆಲ್ಲ ಪ್ಲಾಸ್ಟಿಕ್ ಪಟ್ಟಿ ಹಾಕಿ ಎಳೆದು ಬಿಗಿಯುತ್ತೀರಿ. ಜಾಯಿಂಟೂ ಇಲ್ಲ, ಸಾಲ್ಡರಿಂಗೂ ಇಲ್ಲ, ಹಿಂದೆ ಚುಚ್ಚಿದರೆ ಕೂರುವ ಕಪ್ಲರು ಬಂದಿದೆ. ಯಾರು ಹಾಕಿದರೂ ಒಂದೇ ಥರ. ನನ್ನ ಜೊತೆಯವರು ಕೆಲವರು ಇದನ್ನು ನೋಡಿ ಕೈಕೆಲಸ ಹೋಯಿತಲ್ಲ ಎಂದು ಹಲುಬುತ್ತಾರೆ. ನಾನು ಹಲುಬುವುದಿಲ್ಲ. ಯಾರ ಕೆಲಸವೆಂದು ಗುರುತು ಸಿಗದ ಕೆಲಸದಲ್ಲಿ ಒಂದು ನೆಮ್ಮದಿಯಿದೆ. ಈ ಮಾತು ಕಹಿ ಎನ್ನಿಸಿದರೆ ಎನ್ನಿಸಲಿ.

ಕೆಂಗೇರಿಗೆ ಹೋಗಿ ಕೆಲವು ತಿಂಗಳಾಗಿರಬೇಕು. ಒಂದು ದಿನ ಬೋರೇಗೌಡರ ಆನೆಯಂಥ ಗಾಡಿ ಶೆಡ್ಡಿನ ಮುಂದೆ ನಿಂತಿತು. ಸ್ಟೇಷನ್ನಿನಿಂದ ವಾಪಸು ಬಂದ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಸಂಪತ್ತಿನ ಅಂಗಡಿಯಲ್ಲಿ ಹಾಕಿಸಿಕೊಂಡ ಇನ್ನೊಂದರಲ್ಲಿ ಬರೀ ಕರಕರ ಸದ್ದಂತೆ, ಇದನ್ನೇ ಹಾಕಿಕೊಡು ಎಂದರು. "ನಿನ್ ಮೇಲೆ ನಂಗೇನೂ ಅನುಮಾನ ಇಲ್ಲ ಕಣಯ್ಯ, ಇದ್ದಿದ್ರೆ ಇಷ್ಟ್ ದೂರ ಹುಡುಕ್ಕೊಂಡ್ ಬರ್ತಿದ್ನಾ?" ಎಂದರು. ಇವರೊಬ್ಬರಾದರೂ ನಂಬಿದರಲ್ಲ ಎನ್ನಿಸಿತು.

ಕೀಗೆ ಕೈ ಚಾಚಿದೆ. ಗೌಡರು ಕೀ ಕೊಡಲಿಲ್ಲ. ಬ್ಯಾಟರಿ ವೈರು ಬಿಚ್ಚಲು ತಾವೇ ಬಾನೆಟ್ ಎತ್ತಿ ಕೊಟ್ಟು, ಡ್ರೈವರ್ ಸೀಟಿನಲ್ಲೇ ಕೂತರು. ನಾನು ಪಕ್ಕದ ಸೀಟಿನ ಕಡೆಯಿಂದ ಡ್ಯಾಶಿನ ಕೆಳಗೆ ಮಲಗಿ ಕೆಲಸ ಮಾಡುವಷ್ಟು ಹೊತ್ತೂ ಅಲ್ಲೇ ಕೂತಿದ್ದರು. ವೈರುಗಳನ್ನು ಸೇರಿಸಿ ಜೇಬಿನಿಂದ ದಾರದ ಉಂಡೆ ತೆಗೆದೆ.

"ಅದ್ ಬೇಡಪ್ಪ" ಎಂದರು ಗೌಡರು, ಮೆಲ್ಲಗೆ. "ಸುಮ್ನೆ ಟೇಪ್ ಸುತ್ಬಿಡು, ಸಾಕು."

ಟೇಪು ಸುತ್ತಿಕೊಟ್ಟೆ. ಸೆಟ್ಟು ಚೆನ್ನಾಗಿಯೇ ಹಾಡಿತು.

ಮನೆಗೆ ಬಂದಾಗ ಅಮ್ಮ ಜಗುಲಿ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ಗೌಡರು ಬಂದಿದ್ದ ವಿಷಯ ಯಾರಿಂದಲೋ ಅವಳಿಗೆ ಆಗಲೇ ತಿಳಿದಿತ್ತು.

"ನೋಡ್ದ್ಯಾ, ಹುಡುಕ್ಕೊಂಡ್ ಬಂದ್ರು! ನಮ್ ಕೆಲ್ಸ ಅಂದ್ರೆ ಅವ್ರಿಗೆ ಗೊತ್ತು. ಚೆನ್ನಾಗಿ ಕಟ್ಕೊಟ್ಯಾ?"

"ಹೂಂ ಅಮ್ಮ" ಎಂದೆ.

ಅಮ್ಮ ದಾರದ ಉಂಡೆಯಿಂದ ನಾಳೆಗೆಂದು ಒಂದಷ್ಟು ಬಿಚ್ಚಿ, ಸುತ್ತಿ, ನನ್ನ ಅಂಗಿಯ ಜೇಬಿಗೆ ಹಾಕಿದಳು.